ಕೈರೋ ನಗರದ ಪುಣ್ಯಸ್ತ್ರೀಯರ ಬೀದಿ

ಈಜಿಪ್ತ ದೇಶಕ್ಕೆ ಹೋಗಿಬಂದವರನ್ನು ಕಂಡೊಡನೆ ಎಲ್ಲರೂ ಕೇಳುವ ಮೊದಲನೆಯ ಪ್ರಶ್ನೆ ಪಿರಮಿಡ್ಡುಗಳದು. ಅವುಗಳನ್ನು ನಾವೂ ನೋಡಿದೆವು, ನೋಡಿ ವಿಸ್ಮಯಪಟ್ಟೆವು. ಆದರೆ ಅವುಗಳ ವರ್ಣನೆಯನ್ನು ಈಗಾಗಲೇ ಅನೇಕರು ಮಾಡಿರುವುದರಿಂದ ಆ ಕೆಲಸವನ್ನು ನಾನು ಮತ್ತೆ ಕೈಕೊಳ್ಳುವುದಿಲ್ಲ. ವಾಚಕ ಸೋದರಿಯರನ್ನು ನಾನು ಕರೆದುಕೊಂಡುಹೋಗಬೇಕೆಂದಿರುವುದು ಕೈರೋ ನಗರದ ದಕ್ಷಿಣ ಭಾಗದಲ್ಲಿರುವ ಒಂದು ಇಕ್ಕಟ್ಟಾದ ಹಳೆಯ ಬೀದಿಗೆ. ಆ ಬೀದಿಯ ಉದ್ದಕ್ಕೂ ನಿಂತಿರುವ ಗುಮ್ಮಟಗಳಲ್ಲಿ ಬಹುಪಾಲು ಹೆಂಗಸರ ಹೆಸರಿನವು. ಒಂದು ಮೈಲಿಗೂ ಕಡಿಮೆಯಾದ ಆ ದಾರಿಯನ್ನು ನಡೆದು ಮುಗಿಸಲು ನನಗೆ ಒಂದು ಹಗಲೆಲ್ಲ ಬೇಕಾಯಿತು.

ಅಲ್ಲಿಗೆ ನಾನು ಹೋದುದು ನನ್ನ ಸ್ವಂತ ಬುದ್ಧಿಯಿಂದಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು. ಮಂಗಳೂರಿನಲ್ಲಿ ನಮ್ಮ ನೆರೆಮನೆಯವರು ಬ್ಯಾರಿ ಕುಟುಂಬದವರು. ಆ ಮನೆಯ ಹಿರಿಯ ಮುದುಕಿಯನ್ನು ಕೇರಿಯವರೆಲ್ಲ ‘ಉಮ್ಮ’ ಎಂದೇ ಕರೆಯುವರು. ಉಮ್ಮನ ಮೊಮ್ಮಗಳ ಹೆಸರು ನಫೀಸಾ. ಆ ಹುಡುಗಿ ಹುಟ್ಟುವಾಗ ತಾಯಿಗೆ ಬಹಳ ಕಷ್ಟವಾಯಿತಂತೆ. ಮಲಬಾರಿನ ಮುಸಲ್ಮಾನರ ಮನೆಗಳಲ್ಲಿ ಹೆರಿಗೆಯ ಹೊತ್ತಿಗೆ ‘ನಫೀಸತ್ ಮಾಲೆ’ ಎಂಬ ಸ್ತುತಿಯನ್ನು ಹಾಡುವ ವಾಡಿಕೆಯುಂಟು. ಕಾಸರಗೋಡಿನ ಕಡೆಯಿಂದ ಬಂದ ಉಮ್ಮ ಅದನ್ನು ತನ್ನ ತಾಯಿಯ ಬಾಯಿಂದ ಕಲಿತವಳು. ಬೆಳಗಿನ ಜಾವದವರೆಗೂ ಹಾಡಿದಳು. ಮಗು ಸುಖವಾಗಿ ಹುಟ್ಟಿತು. ಆ ತಾಯಿಯ ಹೆಸರನ್ನೇ ಮಗುವಿಗೆ ಇಟ್ಟರು.

ನಾವು ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದಾಗ ಉಮ್ಮ ಬೇಲಿಯ ಬಳಿಗೆ ಬಂದು, “ಮಗಳೇ, ಮಿಸರಿಗೆ ಹೋಗುತ್ತೀಯಂತೆ. ನಮ್ಮ ನಫೀಸತ್ ಬೀವಿಯ ಮಖಾಂ ಅಲ್ಲೇ ಇರುವುದು. ನನ್ನ ಸಲಾಮು ಹೇಳು. ನೋಡಿದ್ದನ್ನೆಲ್ಲ ಬಂದು ನನಗೆ ಹೇಳಬೇಕು” ಎಂದಳು. ಅದೇ ಸಂಜೆ ಮೊಮ್ಮಗಳು ಬೇರೆಯಾಗಿ ಬಂದಳು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಿದ್ದ ಆ ಹುಡುಗಿಯ ಮುಂದಿನ ಓದಿನ ವಿಚಾರದಲ್ಲಿ ಮನೆಯಲ್ಲಿ ಜಿಜ್ಞಾಸೆ ನಡೆದಿತ್ತು. ಒಂದು ಒಳ್ಳೆಯ ವರನ ಪ್ರಸ್ತಾಪವೂ ಬಂದಿತ್ತು. ಅವಳು ತಲೆ ತಗ್ಗಿಸಿಕೊಂಡು, “ಅಕ್ಕಾ, ಆ ಬೀವಿ ಓದಿದವರೇ? ಅದೊಂದನ್ನು ವಿಚಾರಿಸಿಕೊಂಡು ಬನ್ನಿ” ಎಂದಳು. ಇದು ಒಂದು ಜಾತಿಯ, ಒಂದು ಮತದ ಮಾತಲ್ಲ. ನನ್ನ ಸ್ವಂತ ಅಕ್ಕನ ಓದು ಅದೇ ವಯಸ್ಸಿಗೆ ನಿಂತುದನ್ನು ನಾನು ಕಣ್ಣಾರೆ ಕಂಡವಳು. ಆದುದರಿಂದ ಆ ಪ್ರಶ್ನೆಯು ನನ್ನ ಮನಸ್ಸಿನಲ್ಲಿ ಹೊಕ್ಕು ಕುಳಿತುಬಿಟ್ಟಿತು.

ಕೈರೋ ಎಂದು ನಾವು ಕರೆಯುವುದು ಒಂದೇ ನಗರವಲ್ಲ. ಒಂದರ ಮಗ್ಗುಲಲ್ಲಿ ಒಂದಾಗಿ ಹುಟ್ಟಿ ಕೂಡಿಕೊಂಡ ಹಲವು ನಗರಗಳ ಸಮೂಹವದು. ಅರಬರು ಈಜಿಪ್ತವನ್ನು ಗೆದ್ದಾಗ, 641ರ ಸುಮಾರಿಗೆ, ನೈಲ್ ನದಿಯ ದಡದಲ್ಲಿ ಫುಸ್ತಾತ್ ಎಂಬ ಪಟ್ಟಣವನ್ನು ಕಟ್ಟಿದರು. ಅನಂತರ ಬಂದ ಅರಸರು ಉತ್ತರದ ಕಡೆಗೆ ಸರಿಯುತ್ತ ಹೊಸ ಹೊಸ ಊರುಗಳನ್ನು ನಿರ್ಮಿಸಿದರು. 969ರಲ್ಲಿ ಫಾತಿಮೀ ವಂಶದವರು ಕಟ್ಟಿದ ಊರೇ ಅಲ್-ಕಾಹಿರಾ. ಆ ಹೆಸರೇ ಐರೋಪ್ಯರ ಬಾಯಲ್ಲಿ ಕೈರೋ ಆಯಿತು. ನಾನು ಹೇಳುವ ಬೀದಿಯು ಈ ಹಳೆಯ ಊರುಗಳ ನಡುವೆ, ಇಬ್ನ್ ತುಲೂನನು 879ರಲ್ಲಿ ಮುಗಿಸಿದ ಮಹಾಮಸೀದಿಯ ದಕ್ಷಿಣಕ್ಕೆ ಹರಿದು, ಸ್ಮಶಾನಭೂಮಿಯ ಅಂಚನ್ನು ಮುಟ್ಟುವುದು. ಪೈಗಂಬರ ಮಹಮ್ಮದರ ಮನೆತನಕ್ಕೆ ಸೇರಿದವರ ಸ್ಮಾರಕಗಳು ಇಲ್ಲಿ ಸಾಲಾಗಿರುವುದರಿಂದ ಊರವರಿಗೆ ಇದು ಪುಣ್ಯದ ದಾರಿ.

ನಾವು ಹೋದುದು ಜನವರಿ ತಿಂಗಳಲ್ಲಿ. ಬೆಳಗಿನ ಚಳಿ ಹಿತವಾಗಿತ್ತು. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆಯನ್ನು ಕಲಿಸುವ ಮಹಿಳೆಯೊಬ್ಬರು ನಮಗೆ ದಾರಿ ತೋರಿಸಲು ಒಪ್ಪಿ ಬಂದಿದ್ದರು. ಬೀದಿಯ ಬಾಯಲ್ಲಿಯೇ ಒಬ್ಬ ಹುಡುಗನು ಬಿಸಿ ರೊಟ್ಟಿಗಳನ್ನು ಹರಡಿದ ಉದ್ದನೆಯ ಮರದ ತಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಬೈಸಿಕಲ್ಲನ್ನು ನಡೆಸುತ್ತ ಜನರ ನಡುವೆ ನುಸುಳಿಹೋದನು. ಒಂದು ಗಾಡಿಯ ಮೇಲೆ ದೊಡ್ಡ ಹೊಟ್ಟೆಯ ತಾಮ್ರದ ಪಾತ್ರೆಯಲ್ಲಿ ‘ಫೂಲ್’ ಬೇಯುತ್ತಿತ್ತು. ಫೂಲ್ ಎಂಬುದು ಒಂದು ಬಗೆಯ ದಪ್ಪ ಕಾಳು. ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ, ಬೆಳಿಗ್ಗೆ ಎಣ್ಣೆ, ಜೀರಿಗೆ, ನಿಂಬೆಯ ರಸ ಸೇರಿಸಿ ರೊಟ್ಟಿಯೊಡನೆ ತಿನ್ನುವರು. ಬಡವರಿಗೂ ಬಲ್ಲಿದರಿಗೂ ಅದೇ ಬೆಳಗಿನ ಆಹಾರ. ತೆಂಗಿನಕಾಯಿ ಹಾಕದ ಕಡಲೆಗಸಿಯಂತೆ ಅದು ನನ್ನ ಬಾಯಿಗೆ ರುಚಿಸಿತು. ನಮ್ಮವರಿಗೆ ಮಾತ್ರ ಖಾರ ಸಾಲದಾಯಿತು.

ಮೊದಲು ಸಿಕ್ಕಿದುದು ಸೈಯಿದಾ ಸುಕೈನಾ ಎಂಬಾಕೆಯ ಮಸೀದಿ. ಸೈಯಿದಾ ಎಂದರೆ ಒಡತಿ, ಅಮ್ಮನವರು ಎಂದು ಅರ್ಥ. ಪೈಗಂಬರರ ಮೊಮ್ಮಗ ಹುಸೇನರ ಮಗಳೀಕೆ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ತಂದೆಯೂ ಬಂಧುಗಳೂ ಹತರಾದುದನ್ನು ಎಳೆಯ ವಯಸ್ಸಿನಲ್ಲಿಯೇ ನೋಡಿದಳು. ಸೆರೆಯಾದ ಹೆಂಗಸರ ಸಂಗಡ ದಮಾಸ್ಕಸ್ಸಿನ ದರ್ಬಾರಿಗೆ ಹೋಗಿಬಂದಳು. ಆ ದರ್ಬಾರಿನಲ್ಲಿ ಖಲೀಫ ಯಜೀದನ ಮುಖಕ್ಕೆದುರಾಗಿ ನಿಂತು ಅಧರ್ಮವನ್ನು ಅಧರ್ಮವೆಂದು ನುಡಿದವಳು ಆಕೆಯ ಸೋದರತ್ತೆ ಜೈನಬ್. ಆ ಜೈನಬಳ ಹೆಸರಿನ ದೊಡ್ಡ ಮಸೀದಿಯೂ ಕೈರೋದಲ್ಲಿ ಅನತಿ ದೂರದಲ್ಲಿಯೇ ಇದೆ. ಆ ಪೇಟೆಯೆಲ್ಲ ಆಕೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇಂತಹ ದುಃಖವನ್ನು ಕಂಡ ಸುಕೈನಾ ಮುಂದೆ ಮದೀನಾ ನಗರದಲ್ಲಿ ಹೇಗೆ ಬಾಳಿದಳೆಂಬುದನ್ನು ಅರಬ್ಬೀ ಸಾಹಿತ್ಯದ ಹಳೆಯ ಸಂಗ್ರಹಗಳು ಬಹು ರಸವತ್ತಾಗಿ ವರ್ಣಿಸುವುವು. ಆಕೆಯ ಮನೆಗೆ ಕವಿಗಳು ಬರುವರು. ಜರೀರ್, ಫರಜ್ದಕ್ ಮೊದಲಾದ ಪ್ರಖ್ಯಾತರೂ ತಮ್ಮ ಪದ್ಯಗಳ ಗುಣದೋಷಗಳನ್ನು ಆಕೆಯ ಬಾಯಿಂದ ಕೇಳುವರು. ಆಕೆಯು ತಲೆಗೂದಲನ್ನು ಕಟ್ಟಿಕೊಳ್ಳುವ ರೀತಿ ಎಷ್ಟು ಹೆಸರುವಾಸಿಯಾಯಿತೆಂದರೆ ಗಂಡಸರೂ ಅದನ್ನು ಅನುಕರಿಸತೊಡಗಿದರಂತೆ. ಧರ್ಮಿಷ್ಠನಾದ ಖಲೀಫ ಎರಡನೆಯ ಉಮರನು ಅಂಥವರನ್ನು ದಂಡಿಸಬೇಕಾಯಿತಂತೆ! ಮದುವೆಯ ಕರಾರಿನಲ್ಲಿ ತನ್ನ ಷರತ್ತುಗಳನ್ನು ಬರೆಯಿಸಿದಳೆಂದೂ, ಗಂಡನು ಅದಕ್ಕೆ ತಪ್ಪಿದಾಗ ನ್ಯಾಯಾಧಿಪತಿಯ ಮುಂದೆ ನಿಲ್ಲಿಸಿದಳೆಂದೂ ಹೇಳುವರು. ಶಿಯಾ ಪಂಡಿತರು ಈ ಕಥೆಗಳನ್ನು ಒಪ್ಪುವುದಿಲ್ಲ. ಹುಸೇನರ ಮಗಳು ತಪಸ್ವಿನಿಯಂತೆ ಬಾಳಿದಳೆಂಬುದು ಅವರ ನಂಬಿಕೆ. ಹೀಗೆ ಒಬ್ಬಳೇ ಸ್ತ್ರೀಯು ಒಬ್ಬರ ಪುಸ್ತಕದಲ್ಲಿ ರಸಿಕಳಾಗಿಯೂ ಇನ್ನೊಬ್ಬರ ಪುಸ್ತಕದಲ್ಲಿ ವಿರಾಗಿಣಿಯಾಗಿಯೂ ನಿಂತಿರುವಳು. ಬರೆದವರೆಲ್ಲ ಗಂಡಸರು, ಆಕೆಯ ಕೈಬರಹ ನಮಗೆ ಉಳಿದಿಲ್ಲ. “ಚರಿತ್ರೆಯನ್ನು ಕಲಿಸುವಾಗ ನನಗೆ ಎಲ್ಲಕ್ಕಿಂತ ಕಷ್ಟವಾದ ಸಂಗತಿ ಇದೇ” ಎಂದರು ನಮ್ಮ ಸಂಗಡ ಬಂದ ಉಪಾಧ್ಯಾಯಿನಿಯವರು.

ಸುಕೈನಾ ತೀರಿಕೊಂಡುದು 735ರ ಸುಮಾರಿಗೆ, ಮದೀನಾದಲ್ಲಿ ಎಂದು ಚರಿತ್ರಕಾರರು ಬರೆದಿರುವರು. ಹಾಗಾದರೆ ಈ ಊರಿನಲ್ಲಿ ಆಕೆಯ ಗೋರಿ ಹೇಗೆ ಬಂದಿತು? ಇದಕ್ಕೆ ಉತ್ತರವನ್ನು ಹತ್ತಿರದ ಸೈಯಿದಾ ರುಕಯ್ಯಾ ಎಂಬಾಕೆಯ ಸ್ಮಾರಕದಲ್ಲಿ ಕೇಳಿದೆವು. ರುಕಯ್ಯಾ ಹಜರತ್ ಅಲಿಯವರ ಮಗಳು. ಆಕೆಯೂ ಈಜಿಪ್ತಕ್ಕೆ ಬಂದವಳಲ್ಲ. ಕನಸಿನಲ್ಲಿಯೋ ದರ್ಶನದಲ್ಲಿಯೋ ಕಾಣಿಸಿಕೊಂಡ ಪುಣ್ಯಾತ್ಮರಿಗೆ ಸ್ಮಾರಕವನ್ನು ಕಟ್ಟುವ ಪದ್ಧತಿ ಆ ಕಾಲದಲ್ಲಿ ಇತ್ತು. ಅಂಥವುಗಳನ್ನು ದರ್ಶನದ ಗುಡಿಗಳೆಂದು ಕರೆಯಬಹುದು. ಈ ಸ್ಮಾರಕವನ್ನು 1133ರಲ್ಲಿ ಕಟ್ಟಿಸಿದವಳು, ಕೊಲೆಯಾದ ಖಲೀಫ ಆಮಿರನ ವಿಧವೆ. ಒಳಗೆ ಕಾಲಿಟ್ಟೊಡನೆ ನಮ್ಮ ಮಾತು ನಿಂತಿತು. ಪ್ರಾರ್ಥನೆಯ ದಿಕ್ಕನ್ನು ತೋರಿಸುವ ಗೋಡೆಯ ಗೂಡಿನಲ್ಲಿ ಗಾರೆಯ ಕೆತ್ತನೆ. ನಡುವಿನ ಒಂದು ಬಿಂದುವಿನಿಂದ ಸೂರ್ಯನ ಕಿರಣಗಳಂತೆ ಏಣುಗಳು ಹೊರಟು ಅಂಚಿನವರೆಗೂ ಹರಡಿರುವುವು. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ತನ್ನ ಹಣವನ್ನು ಇನ್ನೊಬ್ಬ ಹೆಂಗಸಿನ ನೆನಪಿಗಾಗಿ ಹೀಗೆ ವೆಚ್ಚಮಾಡಿದಳು. ಇದೇ ಗುಂಪಿನಲ್ಲಿ ಪೈಗಂಬರರ ಸೋದರತ್ತೆ ಆತಿಕಾ ಎಂಬಾಕೆಯ ಹೆಸರಿನ ಚಿಕ್ಕ ಗುಮ್ಮಟವೊಂದುಂಟು.

ಬೀದಿಯ ಎದುರು ಮಗ್ಗುಲಲ್ಲಿರುವುದು ಶಜರುದ್ದುರ್ ರಾಣಿಯ ಗೋರಿ. ಇವಳು ಬಹು ಈಚಿನವಳು. ಪೈಗಂಬರರ ಮನೆತನದವಳೂ ಅಲ್ಲ, ದಾಸಿಯಾಗಿ ಬಂದವಳು. 1249ರಲ್ಲಿ ಫ್ರಾನ್ಸಿನ ಅರಸನು ಸೈನ್ಯಸಮೇತ ದಂಡೆತ್ತಿ ಬಂದಿದ್ದಾಗ ಗಂಡನಾದ ಸುಲ್ತಾನನು ಸತ್ತುಹೋದನು. ಈ ಧೀರೆ ಆ ಸುದ್ದಿಯನ್ನು ಮುಚ್ಚಿಟ್ಟು ರಾಜ್ಯವನ್ನು ಕಾಪಾಡಿದಳು. 1250ರಲ್ಲಿ ತಾನೇ ಸುಲ್ತಾನಳಾಗಿ ಎಂಬತ್ತು ದಿವಸ ಆಳಿದಳು. ಹೆಂಗಸಿನ ಆಳಿಕೆಯನ್ನು ಬಗದಾದಿನ ಖಲೀಫನು ಒಪ್ಪಲಿಲ್ಲ. 1257ರಲ್ಲಿ ಆಕೆ ಕೊಲೆಯಾದಳು. ಹೆಸರಿನ ಅರ್ಥ ‘ಮುತ್ತುಗಳ ಮರ’. ಗೋರಿಯ ಗೂಡಿನಲ್ಲಿ ಗಾಜಿನ ಚೂರುಗಳಿಂದ ರಚಿಸಿದ ಒಂದು ಮರವೂ, ಅದರಲ್ಲಿ ಮುತ್ತಿನ ಚಿಪ್ಪಿನ ಹಣ್ಣುಗಳೂ ಇಂದಿಗೂ ಮಿನುಗುವುವು.

ಬಿಸಿಲೇರಿತು. ಒಂದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಪುದೀನಾ ಸೊಪ್ಪು ಹಾಕಿದ ಚಹವನ್ನು ಗಾಜಿನ ಲೋಟಗಳಲ್ಲಿ ಕುಡಿಯುತ್ತಿದ್ದಾಗ, ನಾನು ಉಪಾಧ್ಯಾಯಿನಿಯವರನ್ನು ಕೇಳಿದೆನು: “ಇವರೆಲ್ಲರೂ ರಾಜವಂಶದವರು, ಇಲ್ಲವೆ ಪೈಗಂಬರರ ಕುಲದವರು. ಆ ಕಾಲದಲ್ಲಿ ವಿದ್ಯೆಯಿಂದಲೇ ಹೆಸರಾದ ಹೆಂಗಸರು ಇರಲಿಲ್ಲವೆ?”

ಅವರು ನಕ್ಕು, ಪೈಗಂಬರರ ಕಾಲದ ಕಥೆಯಿಂದ ಆರಂಭಿಸಿದರು. ಪೈಗಂಬರರ ಮೊದಲ ಪತ್ನಿ ಖದೀಜಾ ತನ್ನದೇ ವ್ಯಾಪಾರವನ್ನು ನಡೆಸುತ್ತಿದ್ದ ಸಿರಿವಂತೆ. ಆಯಿಷಾ ಎರಡು ಸಾವಿರಕ್ಕೂ ಹೆಚ್ಚು ಹದೀಸುಗಳನ್ನು, ಎಂದರೆ ಪೈಗಂಬರರ ಮಾತು ನಡತೆಗಳ ವರದಿಗಳನ್ನು, ಮುಂದಿನವರಿಗೆ ಒಪ್ಪಿಸಿದಳು. ದೊಡ್ಡ ದೊಡ್ಡ ಸಹಚರರೂ ಆಕೆಯ ಬಾಗಿಲಿಗೆ ಹೋಗಿ ಸಂದೇಹಗಳನ್ನು ಕೇಳುವರು. ಇನ್ನೊಬ್ಬ ಪತ್ನಿ ಹಫ್ಸಾ ಓದುಬರಹ ಬಲ್ಲವಳು. ಆಕೆಗೆ ಬರೆಯಲು ಕಲಿಸಿದವಳು ಶಿಫಾ ಎಂಬ ಹೆಂಗಸು. ಕುರಾನಿನ ಮೊದಲ ಸಂಗ್ರಹದ ಹಾಳೆಗಳು ಹಫ್ಸಾಳ ವಶದಲ್ಲಿದ್ದುವು. ಮೂರನೆಯ ಖಲೀಫ ಉಸ್ಮಾನರು 650ರ ಸುಮಾರಿಗೆ ಪ್ರಮಾಣಪ್ರತಿಗಳನ್ನು ಮಾಡಿಸಿದಾಗ ಆ ಹಾಳೆಗಳನ್ನೇ ಆಕೆಯಿಂದ ತರಿಸಿಕೊಂಡರು.

“ಇನ್ನು ವಿದ್ಯೆಯಿಂದ ನ್ಯಾಯವನ್ನು ನಿಲ್ಲಿಸಿದವಳ ಕಥೆಯನ್ನು ಕೇಳಿ” ಎಂದು ಅವರು ಅಮ್ರಾ ಎಂಬಾಕೆಯ ಸಂಗತಿಯನ್ನು ಹೇಳಿದರು. ಅಮ್ರಾ ಆಯಿಷಾಳ ಆಶ್ರಯದಲ್ಲಿ ಬೆಳೆದ ಶಿಷ್ಯೆ. ಮದೀನಾದ ಧರ್ಮಶಾಸ್ತ್ರಜ್ಞರಲ್ಲಿ ಒಬ್ಬಳು. ಒಮ್ಮೆ ಆ ಊರಿನ ಅಧಿಕಾರಿಯು ಪರದೇಶದ ಬಡವನೊಬ್ಬನನ್ನು ಕಬ್ಬಿಣದ ಉಂಗುರಗಳನ್ನು ಕದ್ದನೆಂದು ಹಿಡಿದು, ಕೈ ಕಡಿಸಲು ಸೆರೆಯಲ್ಲಿರಿಸಿದ್ದನು. ಸುದ್ದಿ ತಿಳಿದ ಅಮ್ರಾ ತನ್ನ ಕೆಲಸದವಳನ್ನು ಅಟ್ಟಿ, ಕದ್ದ ವಸ್ತುವಿನ ಬೆಲೆ ಕಾಲು ದೀನಾರಕ್ಕೆ ಕಡಿಮೆಯಿದ್ದರೆ ಆ ಶಿಕ್ಷೆ ಸಲ್ಲದೆಂದು ಹೇಳಿಕಳುಹಿಸಿದಳು. ಅಧಿಕಾರಿಯು ಮರುಮಾತಾಡದೆ ಆ ಮನುಷ್ಯನನ್ನು ಬಿಟ್ಟುಬಿಟ್ಟನು. ಈ ಪ್ರಸಂಗವು ಇಮಾಮ್ ಮಾಲಿಕರ ಧರ್ಮಗ್ರಂಥದಲ್ಲಿಯೇ ಸೇರಿದೆ. ಹೆಸರೂ ಉಳಿಯದ ಆ ಬಡವನ ಕೈಯನ್ನು ಉಳಿಸಿದುದು ಒಬ್ಬ ಹೆಂಗಸಿನ ವಿದ್ಯೆ.

ಆ ಕಾಲವೆಲ್ಲ ಹೆಂಗಸರ ಪಾಲಿಗೆ ಸ್ವರ್ಗವಾಗಿತ್ತೆಂದು ಅವರು ಹೇಳಲಿಲ್ಲ. ನಾನೂ ಹಾಗೆ ಬರೆಯಲಾರೆನು. ಹೊಸ ಧರ್ಮವು ಹೆಣ್ಣುಶಿಶುಗಳನ್ನು ಹೂಳುವುದನ್ನು ನಿಷೇಧಿಸಿತು. ಮದುವೆಯ ಮಹರನ್ನು ಹೆಣ್ಣಿನ ಸ್ವಂತ ಸೊತ್ತಾಗಿ ಮಾಡಿತು. ತಂದೆಯ ಆಸ್ತಿಯಲ್ಲಿ ಮಗನಿಗೆ ಬರುವುದರ ಅರ್ಧದಷ್ಟನ್ನು ಮಗಳಿಗೆ ನಿಶ್ಚಯಿಸಿತು. ಅರ್ಧ ಎಂಬುದು ಇಂದು ನಮಗೆ ಕಡಿಮೆಯಾಗಿ ಕಾಣುವುದು. ಆದರೆ ಅಳಿಯಸಂತಾನದ ಮನೆಗಳನ್ನು ಬಿಟ್ಟರೆ, ನಮ್ಮ ಹಿಂದೂ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಗಟ್ಟಿಯಾದ ಹಕ್ಕು ದೊರೆತುದು 1956ರ ಕಾಯಿದೆಯಿಂದ. ಪಿತ್ರಾರ್ಜಿತದಲ್ಲಿ ಸಮಪಾಲು ದೇಶಕ್ಕೆಲ್ಲ ಬಂದುದು 2005ರಲ್ಲಿ ಎಂಬುದನ್ನು ನೆನೆದರೆ ನಾವು ನಗುವಂತಿಲ್ಲ. ಇನ್ನೊಂದು ಕಡೆ, ದಾಸಿಯರ ಪದ್ಧತಿ ಹಾಗೆಯೇ ಉಳಿಯಿತು. ಸಾಮ್ರಾಜ್ಯವು ಬೆಳೆದು ಅರಮನೆಗಳು ಎದ್ದಂತೆ ಅದು ಇನ್ನೂ ಹಬ್ಬಿತು. ದೊಡ್ಡ ಮನೆಗಳ ಹೆಂಗಸರು ಗೋಡೆಗಳ ಹಿಂದೆ ಸರಿದರು. ಪೈಗಂಬರರ ಮಸೀದಿಯಲ್ಲಿ ಗಂಡಸರ ಹಿಂದೆ ಸಾಲುಗಟ್ಟಿ ನಮಾಜು ಮಾಡುತ್ತಿದ್ದ ಹೆಂಗಸರಿಗೆ, ಮನೆಯಲ್ಲಿಯೇ ಮಾಡುವುದು ಮೇಲೆಂದು ಮುಂದಿನ ಪಂಡಿತರಲ್ಲಿ ಅನೇಕರು ಬೋಧಿಸಿದರು. ತೆರೆದಿದ್ದ ಬಾಗಿಲುಗಳಲ್ಲಿ ಕೆಲವು ಹೀಗೆ ಮೆಲ್ಲಮೆಲ್ಲನೆ ಮುಚ್ಚಿದುವು.

ಮಧ್ಯಾಹ್ನದ ಹೊತ್ತಿಗೆ ನಾವು ಬೀದಿಯ ಕೊನೆಯಲ್ಲಿರುವ ಸೈಯಿದಾ ನಫೀಸಾಳ ಮಸೀದಿಯನ್ನು ಸೇರಿದೆವು. ಹಳೆಯ ಕಟ್ಟಡವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಕಿಗೆ ತುತ್ತಾದುದರಿಂದ 1897ರಲ್ಲಿ ಮತ್ತೆ ಕಟ್ಟಿದರು. ಹನ್ನೆರಡನೆಯ ಶತಮಾನದಲ್ಲಿ ಈ ಸ್ಥಳಕ್ಕಾಗಿ ಕೆತ್ತಿದ ಮರದ ಮಿಹ್ರಾಬು ಈಗ ಕೈರೋದ ಇಸ್ಲಾಮೀ ಕಲಾಸಂಗ್ರಹಾಲಯದಲ್ಲಿದೆ. 2023ರಲ್ಲಿ ಮಸೀದಿಯ ಜೀರ್ಣೋದ್ಧಾರವು ಪೂರೈಸಿತು. ಅದರಲ್ಲಿ ನಮ್ಮ ದೇಶದ ದಾವೂದಿ ಬೋಹ್ರಾ ಸಮಾಜದವರು ಕೈಜೋಡಿಸಿದ್ದರೆಂದು ಕೇಳಿ ನನಗೆ ಹಿತವಾಯಿತು.

ಪಾದರಕ್ಷೆಗಳನ್ನು ಬಿಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ನಾನು ಉಪಾಧ್ಯಾಯಿನಿಯವರೊಡನೆ ಹೆಂಗಸರ ಭಾಗಕ್ಕೆ ಹೋದೆನು; ನಮ್ಮವರು ಗಂಡಸರ ಕಡೆಗೆ ಹೋದರು. ಗೋರಿಯ ಸುತ್ತಲಿನ ಬೆಳ್ಳಿಯ ಜಾಲರಿಯನ್ನು ಹಿಡಿದು ಒಬ್ಬ ಮುದುಕಿ ಪಿಸುಮಾತಿನಲ್ಲಿ ಏನನ್ನೋ ಹೇಳಿಕೊಳ್ಳುತ್ತಿದ್ದಳು. ತಾಯಿಯ ಕಿವಿಯಲ್ಲಿ ಮಗಳು ಮನೆಯ ಕಷ್ಟವನ್ನು ಹೇಳುವ ಹಾಗೆ. ಒಬ್ಬಾಕೆ ಹರಕೆಯ ಮಿಠಾಯಿಯನ್ನು ಎಲ್ಲರಿಗೂ ಹಂಚುತ್ತಿದ್ದಳು. ನನ್ನ ಸೀರೆಯನ್ನು ನೋಡಿ ‘ಹಿಂದ್, ಹಿಂದ್’ ಎನ್ನುತ್ತ ನನಗೆ ಎರಡು ಕೊಟ್ಟಳು. ಈ ಮಸೀದಿಯಲ್ಲಿ ನಿಕಾಹು ಮಾಡಿಸಿದರೆ ಶುಭವೆಂದು ಊರವರ ನಂಬಿಕೆ. ನಾವಿದ್ದಾಗಲೂ ಒಂದು ಮದುವೆಯ ದಿಬ್ಬಣ ಬಂದಿತು. ನಾನು ಜಾಲರಿಯ ಬಳಿ ನಿಂತು, ಉಮ್ಮನ ಸಲಾಮನ್ನು ಕನ್ನಡದಲ್ಲಿಯೇ ಒಪ್ಪಿಸಿದೆನು.

ಇನ್ನು ಆ ಹುಡುಗಿಯ ಪ್ರಶ್ನೆಗೆ ದೊರೆತ ಉತ್ತರವನ್ನು ಹೇಳುವೆನು.

ನಫೀಸಾ ಹುಟ್ಟಿದುದು 762ರಲ್ಲಿ, ಮಕ್ಕಾದಲ್ಲಿ. ಪೈಗಂಬರರ ಮೊಮ್ಮಗ ಹಸನರ ಮರಿಮಗಳು. ಬೆಳೆದುದು ಮದೀನಾದಲ್ಲಿ. ಎಳವೆಯಲ್ಲಿಯೇ ಕುರಾನನ್ನು ಕಂಠಪಾಠ ಮಾಡಿ, ಪೈಗಂಬರರ ಮಸೀದಿಯಲ್ಲಿ ವಿದ್ವಾಂಸರಿಂದ ಹದೀಸುಗಳನ್ನು ಕೇಳಿ ಕಲಿತಳು. ಆಕೆಗೆ ಬಂದ ಬಿರುದೇ ‘ವಿದ್ಯೆಯ ನಫೀಸಾ’. ಇಮಾಮ್ ಜಾಫರ್ ಸಾದಿಕರ ಮಗ ಇಸ್‌ಹಾಕರನ್ನು ವರಿಸಿದಳು. ಮೂವತ್ತು ಸಲ ಹಜ್ ಯಾತ್ರೆಯನ್ನು, ಅದರಲ್ಲಿ ಹೆಚ್ಚಿನದನ್ನು ಕಾಲ್ನಡಿಗೆಯಲ್ಲಿಯೇ, ಮಾಡಿದಳೆಂದು ಪ್ರತೀತಿ. 809ರಲ್ಲಿ ಕುಟುಂಬಸಮೇತ ಈಜಿಪ್ತಕ್ಕೆ ಬಂದಳು.

ಇಲ್ಲಿ ಪವಾಡದ ಕಥೆಗಳು ಆರಂಭವಾಗುವುವು. ನೆರೆಮನೆಯ ಯೆಹೂದ್ಯರ ಮಗಳೊಬ್ಬಳು ನಡೆಯಲಾರದವಳು. ತಾಯಿ ಹೊರಗೆ ಹೋಗುವಾಗ ಅವಳನ್ನು ನಫೀಸಾಳ ಮನೆಯಲ್ಲಿ ಬಿಟ್ಟಿದ್ದಳು. ನಮಾಜಿಗೆ ಮೊದಲು ನಫೀಸಾ ಕೈಕಾಲು ತೊಳೆದ ನೀರು ತಾಗಿ ಹುಡುಗಿ ಎದ್ದು ನಡೆದಳಂತೆ. ಒಂದು ವರ್ಷ ನೈಲ್ ನದಿಗೆ ನೆರೆ ಬಾರದೆ ಜನರು ಕಂಗೆಟ್ಟಾಗ, ಆಕೆ ಕೊಟ್ಟ ಮುಸುಕನ್ನು ನೀರಿಗೆ ಹಾಕಲು ನದಿ ಉಕ್ಕಿ ಹರಿಯಿತಂತೆ. ಜನಜಂಗುಳಿ ಬಾಗಿಲನ್ನು ಬಿಡದಾಯಿತು. ದೇವರ ಧ್ಯಾನಕ್ಕೆ ಎಡೆಯಿಲ್ಲವೆಂದು ಆಕೆ ಮದೀನಾಕ್ಕೆ ಹಿಂತಿರುಗಲು ಹೊರಟಳು. ಊರವರು ಅತ್ತರು. ಆಗ ಅಲ್ಲಿನ ಅಧಿಪತಿಯು ಬೇರೊಂದು ವಿಶಾಲವಾದ ಮನೆಯನ್ನು ಕೊಟ್ಟು, ವಾರದಲ್ಲಿ ಎರಡು ದಿವಸ ಮಾತ್ರ ಜನರು ಬರತಕ್ಕದ್ದೆಂದು ನಿಯಮಿಸಿ ಆಕೆಯನ್ನು ನಿಲ್ಲಿಸಿಕೊಂಡನೆಂದು ಹೇಳುವರು.

ಆದರೆ ನನ್ನ ಮನಸ್ಸನ್ನು ಹಿಡಿದುದು ಈ ಪವಾಡಗಳಲ್ಲ. ಇಮಾಮ್ ಶಾಫಿಯವರ ಹೆಸರನ್ನು ನಮ್ಮ ಕರಾವಳಿಯವರು ಕೇಳಿಯೇ ಇರುವರು. ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವುದು ಇವರ ಧರ್ಮಶಾಸ್ತ್ರವನ್ನೇ. ಆ ಮಹಾವಿದ್ವಾಂಸರು ಜೀವಮಾನದ ಕೊನೆಯ ವರ್ಷಗಳನ್ನು ಈಜಿಪ್ತದಲ್ಲಿ ಕಳೆದರು. ಪಾಠ ಹೇಳಲು ಹೋಗುವಾಗ ನಫೀಸಾಳ ಮನೆಗೆ ಬರುವರು. ಆಕೆಯಿಂದ ಹದೀಸನ್ನು ಕೇಳುವರು. ಮೈಯಲ್ಲಿ ಸ್ವಸ್ಥವಿಲ್ಲದಾಗ ಪ್ರಾರ್ಥಿಸೆಂದು ಹೇಳಿಕಳುಹಿಸುವರು. 820ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಶವವನ್ನು ಆಕೆಯ ಮನೆಯ ಮುಂದೆ ತಂದರು. ಉಪವಾಸ ಆರಾಧನೆಗಳಿಂದ ಕೃಶಳಾಗಿ ಹೊರಗೆ ಬರಲಾರದಿದ್ದ ಆಕೆ ಒಳಗಿನಿಂದಲೇ ಜನಾಜಾದ ನಮಾಜಿನಲ್ಲಿ ಕೂಡಿಕೊಂಡಳು. 1211ರಲ್ಲಿ ಇಮಾಮರ ಗೋರಿಯ ಮೇಲೆ ಕಟ್ಟಿದ ದೊಡ್ಡ ಗುಮ್ಮಟವು ಇಲ್ಲಿಂದ ಹೆಚ್ಚು ದೂರವಿಲ್ಲ.

ಇದನ್ನು ಹೇಳುವಾಗ ಉಪಾಧ್ಯಾಯಿನಿಯವರು ಸ್ವಲ್ಪ ತಡೆದು, “ನನ್ನ ತಂದೆ ಹೋದಾಗ ನಾನು ಮನೆಯಲ್ಲಿಯೇ ಕುಳಿತಿರಬೇಕಾಯಿತು. ಗಂಡಸರೇ ಕೊಂಡೊಯ್ದರು. ಆ ದಿನ ನನಗೆ ಈ ಕಥೆ ನೆನಪಾಯಿತು” ಎಂದರು. ನಾನು ಏನನ್ನೂ ಹೇಳಲಿಲ್ಲ. ನನ್ನ ತಂದೆಯವರ ಶವವು ಅಂಗಳವನ್ನು ದಾಟಿ ಹೋದಾಗ ನಾನೂ ಅಕ್ಕನೂ ಹೊಸಲಿನ ಒಳಗೆಯೇ ನಿಂತಿದ್ದೆವು. ಎರಡು ದೇಶ, ಎರಡು ಧರ್ಮ. ಹೊಸಲು ಮಾತ್ರ ಒಂದೇ.

ನಫೀಸಾ ತಾನಿದ್ದ ಮನೆಯಲ್ಲಿಯೇ ತನ್ನ ಗೋರಿಯನ್ನು ತನ್ನ ಕೈಯಿಂದಲೇ ತೋಡಿಕೊಂಡಿದ್ದಳು. ಅದರೊಳಗೆ ಇಳಿದು ಕುಳಿತು ಕುರಾನನ್ನು ಅನೇಕ ಸಲ ಮೊದಲಿನಿಂದ ಕೊನೆಯವರೆಗೆ ಪಾರಾಯಣ ಮಾಡಿದಳು. 824ರ ರಂಜಾನ್ ತಿಂಗಳಲ್ಲಿ ಕಾಯಿಲೆ ಬಲಿತಾಗ ವೈದ್ಯರು ಉಪವಾಸವನ್ನು ಬಿಡಬೇಕೆಂದರು. ಉಪವಾಸದಲ್ಲಿಯೇ ಸಾವು ಬರಲೆಂದು ಮೂವತ್ತು ವರ್ಷಗಳಿಂದ ಬೇಡಿಕೊಂಡವಳು ನಾನು, ಈಗ ಬಿಡುವೆನೆ ಎಂದು ಕೇಳಿ, ಓದುತ್ತ ಓದುತ್ತಲೇ ಪ್ರಾಣವನ್ನು ಬಿಟ್ಟಳು. ಗಂಡನು ಶವವನ್ನು ಮದೀನಾಕ್ಕೆ ಕೊಂಡೊಯ್ಯಬೇಕೆಂದಿದ್ದನು. ಊರ ಜನರು ಕೈಮುಗಿದು ಬೇಡಿಕೊಂಡರು. ತಾನೇ ತೋಡಿದ ಗೋರಿಯಲ್ಲಿ ಆಕೆ ಉಳಿದಳು. ಸುಕೈನಾ, ರುಕಯ್ಯಾ ಮೊದಲಾದವರು ಈ ಬೀದಿಗೆ ಕನಸಿನ ದಾರಿಯಿಂದ ಬಂದವರು. ನಫೀಸಾ ನಡೆದು ಬಂದವಳು, ಇಲ್ಲಿ ಬಾಳಿದವಳು.

ಸಂಜೆಯ ನಮಾಜಿನ ಕರೆ ಎದ್ದಿತು. ನಾವು ಅದೇ ಬೀದಿಯಲ್ಲಿ ಹಿಂತಿರುಗಿದೆವು. ಜನರ ನೆನಪು ವಿಚಿತ್ರವಾದುದೆಂದು ನನಗೆ ದಾರಿಯುದ್ದಕ್ಕೂ ತೋರುತ್ತಿತ್ತು. ಆಕೆಯ ಮುಸುಕು ನದಿಯನ್ನು ಉಕ್ಕಿಸಿತೆಂಬುದು ಸಮುದ್ರವನ್ನು ದಾಟಿ ನಮ್ಮ ಕರಾವಳಿಯ ಬಾಣಂತಿಯ ಕೋಣೆಯವರೆಗೂ ಬಂದಿತು; ಮಹಾವಿದ್ವಾಂಸರು ಆಕೆಯ ಮುಂದೆ ಕುಳಿತು ಕೇಳಿದರೆಂಬುದು ದಾರಿಯಲ್ಲಿ ಎಲ್ಲಿಯೋ ಉಳಿದುಬಿಟ್ಟಿತು. ಹೆಣ್ಣನ್ನು ಪೂಜಿಸಲು ನಾವು ಬೇಗನೆ ಒಪ್ಪುವೆವು; ಅವಳ ಮಾತನ್ನು ಕುಳಿತು ಕೇಳಲು ಅಷ್ಟು ಬೇಗನೆ ಒಪ್ಪುವುದಿಲ್ಲ.

ಮಂಗಳೂರಿಗೆ ಬಂದ ಮಾರನೆಯ ದಿನವೇ ಉಮ್ಮ ಬಂದಳು. ಹರಕೆಯ ಮಿಠಾಯಿಯಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದೆನು. ಅದನ್ನು ಕಣ್ಣಿಗೆ ಒತ್ತಿಕೊಂಡಳು. ಮೆಟ್ಟಿಲ ಮೇಲೆ ಕುಳಿತು ನಾನು ಎಲ್ಲವನ್ನೂ ಹೇಳಿದೆನು. ಮೊಮ್ಮಗಳು ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ನದಿಯ ಕಥೆ ಉಮ್ಮನಿಗೆ ಗೊತ್ತಿದ್ದುದೇ, ತಲೆದೂಗುತ್ತ ಕೇಳಿದಳು. ಇಮಾಮ್ ಶಾಫಿಯವರು ಆಕೆಯ ಮನೆಗೆ ಬಂದು ಹದೀಸನ್ನು ಕೇಳಿದರೆಂದಾಗ ಮಾತ್ರ ಅವಳ ತಲೆ ನಿಂತಿತು.

“ಯಾರು? ನಮ್ಮ ಇಮಾಮರೇ?”

“ಹೌದು, ಉಮ್ಮ.”

“ಬೀವಿ ಹೇಳಿದರು, ಅವರು ಕೇಳಿದರು?”

“ಹೌದು.”

ಉಮ್ಮ ಬಹಳ ಹೊತ್ತು ಸುಮ್ಮನೆ ಕುಳಿತಳು. ಅನಂತರ ಮೊಣಕಾಲಿನ ಮೇಲೆ ಕೈಯೂರಿ ಎದ್ದು, “ಮಗಳೇ, ನನ್ನ ಮಗ ಸಂಜೆ ಅಂಗಡಿಯಿಂದ ಬರುತ್ತಾನೆ. ಇದೊಂದನ್ನು ಅವನ ಮುಂದೆ ಇನ್ನೊಂದು ಸಲ ಹೇಳು” ಎಂದಳು.

ಹೇಳಿದೆನು. ಜೂನ್ ತಿಂಗಳಿನಲ್ಲಿ ಆ ಹುಡುಗಿ ಕಾಲೇಜನ್ನು ಸೇರಿದಳು. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಬೇಲಿಯ ಬಳಿ ಒಂದು ಗಳಿಗೆ ನಿಂತು ನನಗೆ ಕೈಬೀಸಿ ಹೋಗುವಳು.